ಶಾಂತಿಪಾಲನೆಯಲ್ಲಿ ಕಡಿಮೆ ಖರ್ಚಿನ ನಿಗಾ ವ್ಯವಸ್ಥೆ: ಹಂತ ಹಂತವಾಗಿ

"ಕಾಯಬೇಕಾದ ಪ್ರದೇಶ ದೊಡ್ಡದು, ಕೈಯಲ್ಲಿರುವ ಹಣ ಕಡಿಮೆ. ಯಾವ ಡ್ರೋನ್ ತರಿಸೋಣ?" ಶಾಂತಿಪಾಲನಾ ಕಾರ್ಯಾಚರಣೆಗೆ ಹೊರಟ ಸೇನಾಧಿಕಾರಿಗಳು, ವೀಕ್ಷಕರಾಗಿ ನಿಯೋಜನೆಗೊಂಡ ಪೊಲೀಸರು, ಕದನ ವಿರಾಮದ ಉಸ್ತುವಾರಿಗೆ ಹೋಗುವ ನಾಗರಿಕ ಸಿಬ್ಬಂದಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳುತ್ತಿದ್ದೇನೆ. ಡ್ರೋನಿನ ಮಾತು ಏಳನೆಯ ಹಂತದಲ್ಲಿದೆ. ದಯವಿಟ್ಟು ಮೊದಲಿನ ಆರನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹೋಗಬೇಡಿ. ಕ್ಯಾಮೆರಾ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ. ಅದು ಕೊಟ್ಟ ಸುದ್ದಿ ಹಿಡಿದು ಆ ಜಾಗಕ್ಕೆ ಹೊರಡುವವರು ಇದ್ದರೆ ಮಾತ್ರ ಜನ ಉಳಿಯುತ್ತಾರೆ.

ಇದೇನೂ ಹೊಸ ವಿದ್ಯೆಯಲ್ಲ. ಈಜಿಪ್ಟ್ ಮತ್ತು ಇಸ್ರೇಲ್ ನಡುವೆ 1975ರಲ್ಲಿ ಒಪ್ಪಂದವಾದ ಮೇಲೆ, 1976ರಿಂದ ಸಿನಾಯ್ ಮರುಭೂಮಿಯ ಗಿಡ್ಡಿ ಮತ್ತು ಮಿಟ್ಲಾ ಕಣಿವೆ ದಾರಿಗಳಲ್ಲಿ ಅಮೆರಿಕದ ನಾಗರಿಕ ತಂಡವೊಂದು ನೆಲದ ಕಂಪನ ಹಿಡಿಯುವ ಸೆನ್ಸರ್‌ಗಳನ್ನು ಇಟ್ಟು ಎರಡೂ ಕಡೆಯವರಿಗೆ ವರದಿ ಕೊಡುತ್ತಿತ್ತು. ವಿಶ್ವಸಂಸ್ಥೆ ತನ್ನದೇ ಶಸ್ತ್ರರಹಿತ ಡ್ರೋನನ್ನು ಮೊದಲು ಹಾರಿಸಿದ್ದು 2013ರ ಡಿಸೆಂಬರ್‌ನಲ್ಲಿ, ಕಾಂಗೋದ ಗೋಮಾದಿಂದ. ಆದರೆ ಅದು ರನ್‌ವೇ ಮತ್ತು ಗುತ್ತಿಗೆ ಸಿಬ್ಬಂದಿ ಬೇಡುವ ದೊಡ್ಡ ವ್ಯವಸ್ಥೆ. ಪೂರ್ವ ಉಕ್ರೇನ್‌ನಲ್ಲಿ 2014ರಿಂದ 2022ರವರೆಗೆ ಇದ್ದ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ವೀಕ್ಷಕರು ದೊಡ್ಡ ಡ್ರೋನ್ ಜೊತೆಗೆ ಕಂಬದ ಮೇಲಿನ ಕ್ಯಾಮೆರಾ, ಕೈಯಿಂದಲೇ ಹಾರಿಸುವ ಪುಟ್ಟ ಡ್ರೋನುಗಳನ್ನೂ ಬಳಸಿದರು. ನಿಮ್ಮಂಥ ಸಣ್ಣ ಬಜೆಟ್‌ನವರಿಗೆ ಪಾಠ ಸಿಗುವುದು ಈ ಕೊನೆಯ ಉದಾಹರಣೆಯಲ್ಲಿ.

ಹಂತ 1: ಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಗಡಿರೇಖೆಯ ಮೇಲೆ ನಿಗಾ ಇಡಬೇಕು" ಎಂದು ಬರೆದರೆ ಯಾವ ಸಾಧನವನ್ನೂ ಆರಿಸಲಾಗದು. ಹೀಗೆ ಬರೆಯಿರಿ: "ರಾತ್ರಿ 8ರಿಂದ ಬೆಳಗಿನ 5ರವರೆಗೆ ಈ ಸೇತುವೆಯನ್ನು ಭಾರಿ ವಾಹನ ದಾಟಿದರೆ 10 ನಿಮಿಷದೊಳಗೆ ಕರ್ತವ್ಯದಲ್ಲಿರುವ ಅಧಿಕಾರಿಗೆ ತಿಳಿಯಬೇಕು, 40 ನಿಮಿಷದೊಳಗೆ ಗಸ್ತು ಅಲ್ಲಿರಬೇಕು." ಎಲ್ಲಿ, ಯಾವಾಗ, ಏನು, ಎಷ್ಟು ಬೇಗ, ಹೋಗುವವರು ಯಾರು ಎಂಬ ಐದೂ ಇದರಲ್ಲಿವೆ. ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಖರೀದಿಯನ್ನು ಅಲ್ಲಿಗೇ ನಿಲ್ಲಿಸಿ. ದಾಳಿಯನ್ನು ಕಂಡೂ ಹೋಗದೆ ಕುಳಿತ ಪಡೆಯನ್ನು ಆ ಊರಿನವರು ಮತ್ತೆ ನಂಬುವುದಿಲ್ಲ.

ಹಂತ 2: ಒಪ್ಪಿಗೆ ಮತ್ತು ಅನುಮತಿ

ಶಾಂತಿಪಾಲನೆ ನಿಂತಿರುವುದು ಮೂರು ತತ್ವಗಳ ಮೇಲೆ: ಸಂಬಂಧಪಟ್ಟ ಪಕ್ಷಗಳ ಸಮ್ಮತಿ, ನಿಷ್ಪಕ್ಷಪಾತ, ಆತ್ಮರಕ್ಷಣೆ ಮತ್ತು ಮ್ಯಾಂಡೇಟ್ ರಕ್ಷಣೆಗಲ್ಲದೆ ಬಲಪ್ರಯೋಗ ಮಾಡದಿರುವುದು. ಮ್ಯಾಂಡೇಟ್ ಎಂದರೆ ಭದ್ರತಾ ಮಂಡಳಿ ಆ ಕಾರ್ಯಾಚರಣೆಗೆ ವಹಿಸಿದ ಹೊಣೆ ಮತ್ತು ಅಧಿಕಾರ. ನೀವು ಇಡಲಿರುವ ಪ್ರತಿ ಸಾಧನವೂ ಆ ಹೊಣೆಯ ಯಾವ ಸಾಲಿಗೆ ಸೇವೆ ಸಲ್ಲಿಸುತ್ತದೆ ಎಂದು ತೋರಿಸಲು ಬರಬೇಕು.

ಮುಂದಿನದು ಕಾಗದಪತ್ರ. ಆತಿಥೇಯ ದೇಶದೊಂದಿಗಿನ ಪಡೆಗಳ ಸ್ಥಾನಮಾನ ಒಪ್ಪಂದವನ್ನು ಕಾನೂನು ಸಲಹೆಗಾರರ ಜೊತೆ ಕೂತು ಓದಿ. ರೇಡಿಯೊ ತರಂಗಾಂತರ, ವಾಯುಮಾರ್ಗ, ಸುಂಕದ ಕಟ್ಟೆಯಲ್ಲಿ ಸಾಧನ ಬಿಡಿಸಿಕೊಳ್ಳುವುದು, ಈ ಮೂರಕ್ಕೂ ಪ್ರತ್ಯೇಕ ಅನುಮತಿ ಬೇಕಾಗಬಹುದು. ಪಡೆ ಕಳಿಸಿದ ದೇಶವೇ ಸಾಧನ ತರುತ್ತಿದ್ದರೆ ಅದು ವಿಶ್ವಸಂಸ್ಥೆಯ ಜೊತೆಗಿನ ಸಾಧನ-ಮರುಪಾವತಿ ಒಡಂಬಡಿಕೆಯ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಎಚ್ಚರ: ಬಚ್ಚಿಟ್ಟು ಬೇಹುಗಾರಿಕೆ ಮಾಡುವುದು ಶಾಂತಿಪಾಲನೆಯ ಚೌಕಟ್ಟಿನ ಹೊರಗಿನದೆಂದು ವಿಶ್ವಸಂಸ್ಥೆಯ 2017ರ ಗುಪ್ತಚರ ನೀತಿಯೇ ಹೇಳಿದೆ. ಕ್ಯಾಮೆರಾ ಎಲ್ಲಿದೆ ಎಂಬುದನ್ನು ಪ್ರತಿ ಸಲ ಸಾರಬೇಕಿಲ್ಲ, ಆದರೆ ಇಂಥ ಸಾಧನ ಬಳಸುತ್ತಿದ್ದೇವೆ ಎಂಬ ಸಂಗತಿ ಪಕ್ಷಗಳಿಗೆ ತಿಳಿದಿರಲಿ. ಒಂದು ಪಕ್ಷದ ಠಾಣೆ ಮಾತ್ರ ಕಾಣುವಂತೆ ಕ್ಯಾಮೆರಾ ತಿರುಗಿಸಿದರೆ, ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಮರುದಿನದಿಂದ ನಿಮ್ಮನ್ನು ಇನ್ನೊಂದು ಪಕ್ಷದವರೆಂದೇ ಎಣಿಸುತ್ತಾರೆ.

ಹಂತ 3: ಬಿಟ್ಟಿ ಸಿಗುವುದನ್ನು ಮೊದಲು ಬಳಸಿ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಉಚಿತ. ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ ಸಿಗುತ್ತದೆ. ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಸುಟ್ಟ ಊರು, ಹೊಸದಾಗಿ ಎದ್ದ ಮಣ್ಣಿನ ದಿಬ್ಬ, ಬೆಳೆಯುತ್ತಿರುವ ನಿರಾಶ್ರಿತರ ಶಿಬಿರ, ಹೊಸ ರಸ್ತೆ ಇದರಲ್ಲಿ ಕಾಣುತ್ತವೆ. ಮನುಷ್ಯರಾಗಲಿ ಒಂಟಿ ಜೀಪಾಗಲಿ ಕಾಣುವುದಿಲ್ಲ. ಮೋಡ ಮುಚ್ಚಿದ ತಿಂಗಳುಗಳಲ್ಲಿ ರೇಡಾರ್ ಇರುವ ಸೆಂಟಿನೆಲ್-1 ನೋಡಿ. ಅದಕ್ಕೆ ಮೋಡವೂ ಇರುಳೂ ಅಡ್ಡಿಯಲ್ಲ, ಆದರೆ ಆ ಚಿತ್ರ ಓದಲು ಅಭ್ಯಾಸ ಬೇಕು. ಬೆಂಕಿಯ ಗುರುತಿಗೆ ನಾಸಾದ ಫರ್ಮ್ಸ್ ಸೇವೆಯಿದೆ. ಅದರಲ್ಲಿ 375 ಮೀಟರ್ ಚೌಕದ ಲೆಕ್ಕದಲ್ಲಿ ಬೆಂಕಿ ಕಂಡ ಜಾಗಗಳು ಉಪಗ್ರಹ ಹಾದುಹೋದ ಕೆಲವೇ ಗಂಟೆಗಳಲ್ಲಿ ನಕ್ಷೆಯ ಮೇಲೆ ಬರುತ್ತವೆ.

ಎಚ್ಚರ: ಬೆಂಕಿಯ ಚುಕ್ಕೆ ಕಂಡ ಕೂಡಲೇ "ಊರು ಸುಟ್ಟರು" ಎಂದು ವರದಿ ಬರೆಯಬೇಡಿ. ರೈತರು ಹೊಲದ ಕೂಳೆ ಸುಡುವ ಕಾಲ ಯಾವುದೆಂದು ತಿಳಿದುಕೊಳ್ಳಿ. ಹಿಂದಿನ ವರ್ಷಗಳ ಅದೇ ವಾರದ ನಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿ.

ಹಂತ 4: ಸಾಧನದ ಆಯ್ಕೆ

ಅಗ್ಗದಿಂದ ಮೇಲಕ್ಕೆ ಹೋಗೋಣ.

ಎಲ್ಲಕ್ಕಿಂತ ಅಗ್ಗದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಊರಿನವರ ಕೈಯ ಮೊಬೈಲ್. ಪೂರ್ವ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪಡೆ 2010ರಿಂದ ಸ್ಥಳೀಯರನ್ನೇ ಸಮುದಾಯ ಸಂಪರ್ಕ ಸಹಾಯಕರಾಗಿ ನೇಮಿಸಿಕೊಂಡು, ಊರುಗಳಿಗೆ ಫೋನು ಮತ್ತು ನಂಬರು ಕೊಟ್ಟು ಎಚ್ಚರಿಕೆಯ ಜಾಲ ಕಟ್ಟಿತು. ಕ್ಯಾಮೆರಾ "ಹತ್ತು ಜನ ಬಂದರು" ಎನ್ನುತ್ತದೆ. ಅವರು ಸಂತೆಗೆ ಬಂದವರೋ ಸುಲಿಯಲು ಬಂದವರೋ ಎಂಬುದು ಊರಿನ ಹೆಂಗಸಿಗೆ ಗೊತ್ತು. ಆದರೆ ಕರೆ ಮಾಡಿದವರ ಜೀವ ಈ ಜಾಲದಲ್ಲಿ ಒತ್ತೆಯಿರುತ್ತದೆ. ಊರಿಗೆ ಒಬ್ಬರನ್ನೇ ನೆಚ್ಚಬೇಡಿ. ಕರೆಯ ದಾಖಲೆ ಫೋನಿನಿಂದ ಅಳಿಸುವುದನ್ನು ಕಲಿಸಿ. ನಿಮ್ಮ ನಂಬರನ್ನು ಪಡೆಯ ಹೆಸರಿನಲ್ಲಿ ಸೇವ್ ಮಾಡಿಸಬೇಡಿ. ಕರೆ ಬಂದ ಊರಿಗೆ ನೇರ ಹೋಗದೆ ದಾರಿಯಲ್ಲಿ ಬೇರೆ ಊರುಗಳನ್ನೂ ಮುಟ್ಟಿಕೊಂಡು ಹೋಗಿ. ನೆಟ್‌ವರ್ಕ್ ಇಲ್ಲದ ಊರಿಗೆ ಹೈ-ಫ್ರೀಕ್ವೆನ್ಸಿ ರೇಡಿಯೊ ಕೊಡಬಹುದು, ಆದರೆ ಅದನ್ನು ಯಾರು ಬೇಕಾದರೂ ಕದ್ದು ಕೇಳಬಹುದು ಎಂಬುದು ನೆನಪಿರಲಿ.

ಎರಡನೆಯದು ಟ್ರೇಲ್ ಕ್ಯಾಮೆರಾ, ಅಂದರೆ ಕಾಡುಪ್ರಾಣಿಗಳ ಅಧ್ಯಯನಕ್ಕೆ ಮರಕ್ಕೆ ಕಟ್ಟುವ ಪೆಟ್ಟಿಗೆ ಕ್ಯಾಮೆರಾ. ದೇಹದ ಶಾಖ ಅಲುಗಾಡಿದ್ದನ್ನು ಗ್ರಹಿಸಿ ಚಿತ್ರ ತೆಗೆಯುತ್ತದೆ, ಪುಟ್ಟ ಬ್ಯಾಟರಿಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಕಾಲುದಾರಿ, ತೊರೆ ದಾಟುವ ಜಾಗ, ಶಸ್ತ್ರ ಕೂಡಿಟ್ಟ ಗೋದಾಮಿನ ಬಾಗಿಲಿಗೆ ಇದು ಸಾಕು. ಅದರ ಮಿತಿ ಏನೆಂದರೆ, ಹಗಲಿನ ಬಿಸಿ ಮನುಷ್ಯನ ಮೈಶಾಖದ ಸಮಕ್ಕೆ ಏರಿದಾಗ ಎದುರು ಬಂದವರೂ ಅದಕ್ಕೆ ಗೊತ್ತಾಗುವುದಿಲ್ಲ. ರಾತ್ರಿ ಬೆಳಕಿಗೆ 850 ನ್ಯಾನೊಮೀಟರ್ ದೀಪವಿರುವ ಮಾದರಿಯಾದರೆ ಕತ್ತಲಲ್ಲಿ ಮಂದ ಕೆಂಪು ಹೊಳಪು ಕಾಣಿಸುತ್ತದೆ. 940ರದ್ದು ಕಾಣಿಸುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ.

ಮೂರನೆಯದು ಕಂಬದ ಮೇಲಿನ ಸ್ಥಿರ ಕ್ಯಾಮೆರಾ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯಿದೆ; ಜನರಲ್ ತಿಮ್ಮಯ್ಯನವರು ಅದರ ದಂಡನಾಯಕರಾಗಿದ್ದಾಗಲೇ 1965ರಲ್ಲಿ ಅಸುನೀಗಿದರು. ಆ ಪಡೆ ಇಂದು ಸುಮಾರು 180 ಕಿ.ಮೀ. ಉದ್ದದ ಬಫರ್ ವಲಯವನ್ನು, ಅಂದರೆ ಗ್ರೀಕ್ ಮತ್ತು ತುರ್ಕಿ ಸೈಪ್ರಸ್‌ನವರನ್ನು ಬೇರ್ಪಡಿಸುವ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಎರಡೂ ಕಡೆಯ ಠಾಣೆಗಳು ಎದುರುಬದುರಾಗಿರುವ ನಿಕೋಸಿಯಾ ನಗರದಲ್ಲಿ ಅದು ಕ್ಯಾಮೆರಾಗಳ ನೆರವು ಪಡೆದಿದೆ. ಇಂಥ ಇಕ್ಕಟ್ಟಿನ, ಗಡಿ ಸ್ಪಷ್ಟವಿರುವ ಜಾಗಕ್ಕೆ ಸ್ಥಿರ ಕ್ಯಾಮೆರಾ ಹೇಳಿ ಮಾಡಿಸಿದ್ದು. ಬಯಲು ಸೀಮೆಗೆ ಅಲ್ಲ.

ಥರ್ಮಲ್ ಕ್ಯಾಮೆರಾ ಶಾಖವನ್ನೇ ಚಿತ್ರವಾಗಿಸುತ್ತದೆ, ಬೆಳಕೇ ಬೇಡ. ಗಾಜಿನ ಕಿಟಕಿಯ ಹಿಂದೆ ಇಟ್ಟರೆ ಹೊರಗಿನದೇನೂ ಕಾಣದು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅಗ್ಗದ ಮಾದರಿಗಳಲ್ಲಿ ಚುಕ್ಕೆಗಳು ಕಡಿಮೆ, ಆದ್ದರಿಂದ ದೂರಕ್ಕೆ ನಂಬಬೇಡಿ.

ಇನ್ನು ನೆಲದ ಸೆನ್ಸರ್. ನಡೆದು ಬರುವವರನ್ನು ಹತ್ತಾರು ಮೀಟರಿನಿಂದ, ಭಾರಿ ವಾಹನವನ್ನು ನೂರಾರು ಮೀಟರಿನಿಂದ ಹಿಡಿಯುತ್ತದೆ. ಮಳೆ, ಗಾಳಿಗೆ ಅಲುಗುವ ಮರದ ಬೇರು, ದನಕರುಗಳಿಗೂ ಕೂಗುತ್ತದೆ. ಆದ್ದರಿಂದ ಅದನ್ನು ಒಂಟಿಯಾಗಿ ನಂಬದೆ ಕ್ಯಾಮೆರಾ ಎಬ್ಬಿಸಲು ಬಳಸಿ.

ದೊಡ್ಡ ಎಚ್ಚರ: ನೆಲಬಾಂಬ್ ಇರಬಹುದಾದ ಕಡೆ, ನೆಲಬಾಂಬ್ ತೆರವು ತಂಡ ಸರಿ ಎನ್ನುವವರೆಗೆ ಒಂದು ಗೂಟವನ್ನೂ ಬಡಿಯಬೇಡಿ. ಇನ್ನೊಂದು, ತಂತಿ ಮತ್ತು ಬ್ಯಾಟರಿ ಇರುವ ಪೆಟ್ಟಿಗೆ ದಾರಿ ಬದಿಯಲ್ಲಿ ಕಂಡರೆ ಜನ ಅದನ್ನು ಬಾಂಬೆಂದೇ ಭಾವಿಸುತ್ತಾರೆ. ಪೆಟ್ಟಿಗೆಯ ಮೇಲೆ ಸ್ಥಳೀಯ ಭಾಷೆಯಲ್ಲಿ ಗುರುತು ಬರೆಸಿ, ನಿಮ್ಮ ಸ್ಫೋಟಕ ನಿಷ್ಕ್ರಿಯ ದಳಕ್ಕೂ ಜಾಗದ ಪಟ್ಟಿ ಕೊಡಿ.

ಹಂತ 5: ಚುಕ್ಕೆಗಳನ್ನು ಎಣಿಸಿ

ಮಾರುವವರು "2 ಕಿ.ಮೀ. ಕಾಣುತ್ತದೆ" ಎಂದು ಹೇಳುವುದು ಸುಳ್ಳಲ್ಲ. ಆದರೆ ಕಾಣುವುದು ಏನು? ಕ್ಯಾಮೆರಾ ಚಿತ್ರವೆಂಬುದು ಚುಕ್ಕೆಗಳ ಜೋಡಣೆ. ಪಿಕ್ಸೆಲ್ ಎಂದರೆ ಅದೇ. ಕಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಯಾರೋ ಇದ್ದಾರೆ ಎಂದು ತಿಳಿಯಲು ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಬೇಕು. ಪರಿಚಿತರನ್ನು ಗುರುತು ಹಿಡಿಯಲು 125, ಅಪರಿಚಿತರ ಗುರುತನ್ನು ಸಂಶಯವಿಲ್ಲದೆ ಹೇಳಲು 250.

ಲೆಕ್ಕ ಸುಲಭ. ಅಡ್ಡಕ್ಕೆ 1920 ಪಿಕ್ಸೆಲ್ ಇರುವ ಸಾಮಾನ್ಯ ಕ್ಯಾಮೆರಾ ತೆಗೆದುಕೊಳ್ಳಿ. 25ರಿಂದ ಭಾಗಿಸಿದರೆ ಸುಮಾರು 77 ಮೀಟರ್. ಚಿತ್ರದಲ್ಲಿ ಬರುವ ನೆಲದ ಅಗಲ ಅದಕ್ಕಿಂತ ಹೆಚ್ಚಾದರೆ ಮನುಷ್ಯರಿರುವುದೂ ಖಚಿತವಾಗದು. 90 ಡಿಗ್ರಿ ಅಗಲ ನೋಡುವ ಲೆನ್ಸ್ ಹಾಕಿದರೆ ಈ ಮಿತಿ ಬರುವುದು ಬರೀ 38 ಮೀಟರ್ ದೂರಕ್ಕೆ. 6 ಡಿಗ್ರಿಯ ಟೆಲಿ ಲೆನ್ಸ್ ಹಾಕಿದರೆ ಸುಮಾರು 730 ಮೀಟರ್‌ವರೆಗೆ ಹೋಗುತ್ತದೆ, ಆದರೆ ಆಚೀಚೆ ನಡೆಯುವುದೇನೂ ಕಾಣುವುದಿಲ್ಲ. ಅದೇ ಲೆನ್ಸ್‌ನಲ್ಲಿ ಮುಖದ ಪರಿಚಯ ಸಿಗುವುದು ಸುಮಾರು 145 ಮೀಟರ್ ಒಳಗೆ ಮಾತ್ರ. ಹಗಲು, ಶುಭ್ರ ಗಾಳಿಯ ಲೆಕ್ಕ ಇದು. ದೂಳು, ಬಿಸಿಲಿನ ಝಳ, ಮಂಜು ಬಂದರೆ ಇನ್ನೂ ಕಡಿಮೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಕದನ ವಿರಾಮದ ಉಸ್ತುವಾರಿಗೆ ಬಹಳ ಸಲ ಮುಖ ಬೇಕಾಗಿಯೇ ಇರುವುದಿಲ್ಲ. ಎಷ್ಟು ಜನ, ಯಾವ ದಿಕ್ಕು, ಹೆಗಲಲ್ಲಿ ಕೋವಿ ಇದೆಯೇ ಎಂಬುದು ಸಾಕು. ಹಾಗಿದ್ದಾಗ ಮುಖ ಮೂಡದಷ್ಟು ಕಡಿಮೆ ಪಿಕ್ಸೆಲ್ ಬರುವಂತೆ ಬೇಕೆಂದೇ ಜೋಡಿಸಿ. ನಾಳೆ ಆ ಚಿತ್ರ ಯಾರದೋ ಕೈಗೆ ಸಿಕ್ಕಿದರೂ ಹಳ್ಳಿಯ ಯಾರಿಗೂ ಅದರಿಂದ ಅಪಾಯವಾಗುವುದಿಲ್ಲ.

ಹಂತ 6: ಕರೆಂಟು ಮತ್ತು ಸಂಪರ್ಕ

ಅಗ್ಗದ ವ್ಯವಸ್ಥೆಗಳು ಹೆಚ್ಚಾಗಿ ಕೈಕೊಡುವುದು ಇಲ್ಲಿ. 5 ವ್ಯಾಟ್ ಕ್ಯಾಮೆರಾ ದಿನಕ್ಕೆ 120 ವ್ಯಾಟ್-ಗಂಟೆ ನುಂಗುತ್ತದೆ. ಮೂರು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕಾದರೆ 360 ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಆದ್ದರಿಂದ 720 ವ್ಯಾಟ್-ಗಂಟೆ, ಅಂದರೆ 12 ವೋಲ್ಟಿನ 60 ಆಂಪಿಯರ್-ಗಂಟೆ ಬ್ಯಾಟರಿ. ದಿನಕ್ಕೆ 4 ಗಂಟೆ ಒಳ್ಳೆಯ ಬಿಸಿಲು, ನಷ್ಟಕ್ಕೆ ಶೇ 30 ಕಳೆದರೆ ಸೋಲಾರ್ ಫಲಕ ಕನಿಷ್ಠ 43 ವ್ಯಾಟ್ ಆಗಬೇಕು; ಖಾಲಿಯಾದ ಬ್ಯಾಟರಿ ಮತ್ತೆ ತುಂಬಬೇಕಲ್ಲ, 80 ಹಾಕಿ. ರಾತ್ರಿ ದೀಪ ಉರಿಸುವ ಕ್ಯಾಮೆರಾ ಆದರೆ ಲೆಕ್ಕವನ್ನು ಮೊದಲಿನಿಂದ ಮಾಡಿ.

ಲಿಥಿಯಂ ಬ್ಯಾಟರಿ ಹಗುರ ಹೌದು. ಬಿಡಿಯಾಗಿ ಸರಕಿನಲ್ಲಿ ಕಳಿಸುವಾಗ ಅದನ್ನು ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವುದಿಲ್ಲ, ಸರಕು ವಿಮಾನದಲ್ಲೂ ಸಾಮಾನ್ಯವಾಗಿ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದು. ಇದು ತಿಳಿಯದೆ ಕ್ಯಾಮೆರಾ ಬಂದು, ಬ್ಯಾಟರಿ ಬಂದರಿನಲ್ಲೇ ಉಳಿದರೆ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ.

ಸಂಪರ್ಕದ ಲೆಕ್ಕ: ಸೆಕೆಂಡಿಗೆ 2 ಮೆಗಾಬಿಟ್ ವಿಡಿಯೊ ದಿನವಿಡೀ ಹರಿಸಿದರೆ 21 ಜಿಬಿಗೂ ಮೇಲೆ ಆಗುತ್ತದೆ. ಉಪಗ್ರಹ ಸಂಪರ್ಕದ ಮೇಲೆ ಇದನ್ನು ಹೊರುವುದು ಸಣ್ಣ ಬಜೆಟ್‌ಗೆ ಕಷ್ಟ. ವಿಡಿಯೊ ಕಂಬದ ಪೆಟ್ಟಿಗೆಯಲ್ಲೇ ಉಳಿಯಲಿ, ಚಲನೆ ಕಂಡಾಗ 200 ಕೆಬಿಯ ಒಂದು ಸ್ಥಿರಚಿತ್ರ ಮಾತ್ರ ಬರಲಿ. ಸೆನ್ಸರ್‌ನ ಪುಟ್ಟ ಸಂದೇಶಕ್ಕೆ ಲೋರಾ ಎಂಬ ಅಲ್ಪಶಕ್ತಿ ರೇಡಿಯೊ ಸಾಕು. ಬಯಲಿನಲ್ಲಿ ಕೆಲವು ಕಿ.ಮೀ. ಹೋಗುತ್ತದೆ. ಮೊಬೈಲ್ ಗೋಪುರವನ್ನು ಮಾತ್ರ ಪೂರ್ತಿ ನೆಚ್ಚಬೇಡಿ, ಗಲಭೆ ಶುರುವಾದಾಗ ಮೊದಲು ಆರುವುದು ಅದೇ.

ಹಂತ 7: ಡ್ರೋನ್

ಪೇಟೆಯಲ್ಲಿ ಸಿಗುವ ನಾಲ್ಕು ರೆಕ್ಕೆಯ ಡ್ರೋನ್ ಸುಮಾರು 20ರಿಂದ 30 ನಿಮಿಷ ಹಾರುತ್ತದೆ. ಡಬ್ಬಿಯ ಮೇಲೆ 25 ಎಂದಿದ್ದರೆ ನಿಮ್ಮ ಯೋಜನೆ 17 ನಿಮಿಷದ್ದಾಗಿರಲಿ. ಗಾಳಿಗೂ ಮರಳಿ ಬರುವುದಕ್ಕೂ ಉಳಿಕೆ ಬೇಕು. ಹಾಗಾಗಿ ಇದು ಸದಾ ಕಾಯುವ ಕಣ್ಣಲ್ಲ. ಮುಂದಿನ ತಿರುವಿನಲ್ಲಿ ರಸ್ತೆ ತಡೆ ಇದೆಯೇ, ಕ್ಯಾಮೆರಾ ಎಚ್ಚರಿಸಿದ ಜಾಗದಲ್ಲಿ ನಿಜಕ್ಕೂ ಏನಿದೆ ಎಂದು ಹೋಗಿ ನೋಡಿಬರುವ ಸಾಧನ.

ಹಾರಿಸುವ ಮೊದಲು ವಾಯುಸಂಚಾರ ವಿಭಾಗಕ್ಕೆ ಜಾಗ, ಎತ್ತರ, ಸಮಯ ಕೊಡಿ. ನಿಮ್ಮದೇ ಹೆಲಿಕಾಪ್ಟರ್‌ಗೆ ಅದು ಬಡಿದರೆ ಹೋಗುವುದು ನಿಮ್ಮವರ ಜೀವ. ಉಕ್ರೇನ್‌ನಲ್ಲಿ ವೀಕ್ಷಕರ ಡ್ರೋನುಗಳ ಜಿಪಿಎಸ್ ಸಂಕೇತವನ್ನು ಅಡ್ಡಿಪಡಿಸುವುದು, ಅವುಗಳ ಮೇಲೆ ಗುಂಡು ಹಾರಿಸುವುದು ಮಾಮೂಲಾಗಿತ್ತು. ಆದ್ದರಿಂದ ಜಿಪಿಎಸ್ ಇಲ್ಲದೆ ಇಳಿಸುವುದನ್ನು ಚಾಲಕರು ಅಭ್ಯಾಸ ಮಾಡಿರಲೇಬೇಕು. ಹಾರಾಟದ ದಾಖಲೆಗಳನ್ನು ತಯಾರಕರ ಸರ್ವರ್‌ಗೆ ಕಳಿಸುವ ಸೌಲಭ್ಯ ಆಫ್ ಮಾಡಿ.

ಕಾದಾಡುವ ಪಕ್ಷಗಳೂ ಇದೇ ಮಾದರಿಯ ಡ್ರೋನುಗಳಿಂದ ಬಾಂಬ್ ಉದುರಿಸುತ್ತವೆ ಎಂಬುದನ್ನು ಮರೆಯಬೇಡಿ. ಆಕಾಶದಿಂದ ಸಾವು ಬಂದದ್ದನ್ನು ಕಂಡ ಜನರಿಗೆ ಆ ಗುಂಯ್‌ಗುಡುವ ಸದ್ದು ಏನೆಂದು ಯೋಚಿಸಿ. ಊರಿನ ಹಿರಿಯರು, ಹೆಣ್ಣುಮಕ್ಕಳು, ಶಾಲೆಯ ಶಿಕ್ಷಕರನ್ನು ಕರೆದು ಡ್ರೋನ್ ತೋರಿಸಿ, ಯಾವಾಗ ಹಾರುತ್ತದೆ ಎಂದು ಹೇಳಿ, ಆಮೇಲೆ ಹಾರಿಸಿ. ಸಂತ್ರಸ್ತರ ಹೇಳಿಕೆ ಪಡೆಯುತ್ತಿರುವ ಮನೆಯ ಮೇಲೆ ಎಂದೂ ಬೇಡ. ಯಾರು ನಿಮ್ಮೊಡನೆ ಮಾತಾಡಿದರೆಂದು ಅದು ಇಡೀ ಊರಿಗೆ ಸಾರಿದಂತೆ.

ಹಂತ 8: ಎಚ್ಚರಿಕೆಯಿಂದ ಗಸ್ತಿನವರೆಗೆ

ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಎಚ್ಚರಿಕೆ ಬಂದಾಗ ನೋಡುವವರು ಯಾರು, ಅದನ್ನು ಇನ್ನೊಂದು ಮೂಲದಿಂದ ತಾಳೆ ನೋಡುವವರು ಯಾರು, ಗಸ್ತು ಕಳಿಸುವ ಅಧಿಕಾರ ಯಾರದು, ಆ ಅಧಿಕಾರಿ ಸಿಗದಿದ್ದರೆ ಮುಂದಿನವರು ಯಾರು. ಪ್ರತಿ ಸಾಲಿಗೂ ನಿಮಿಷಗಳ ಮಿತಿ ಇರಲಿ. ಪರದೆಯನ್ನು ಒಬ್ಬರೇ ಗಂಟೆಗಟ್ಟಲೆ ನೋಡಿದರೆ ಕಣ್ಣೆದುರಿನದೂ ತಪ್ಪಿಹೋಗುತ್ತದೆ, ಪಾಳಿ ಚಿಕ್ಕದಿರಲಿ.

ಘಟನೆಗಳನ್ನು ದಾಖಲಿಸಲು ವಿಶ್ವಸಂಸ್ಥೆಯಲ್ಲಿ ಸೇಜ್ ಎಂಬ ದತ್ತಸಂಗ್ರಹ ಇದೆ. ಹಲವು ಮೂಲಗಳ ಮಾಹಿತಿಯನ್ನು ಒಂದೇ ಪರದೆಗೆ ತರುವ ಯುನೈಟ್ ಅವೇರ್ ವೇದಿಕೆಯನ್ನು 2021ರ ಆಗಸ್ಟ್‌ನಲ್ಲಿ ಭಾರತದ ನೆರವಿನೊಂದಿಗೆ ಪ್ರಾರಂಭಿಸಲಾಯಿತು. ನಿಮ್ಮ ಪಡೆಯಲ್ಲಿ ಇವು ಇದ್ದರೆ ಹೊಸ ಸಾಧನದ ಮಾಹಿತಿಯನ್ನು ಅಲ್ಲಿಗೇ ಜೋಡಿಸಿ, ಪ್ರತ್ಯೇಕ ಎಕ್ಸೆಲ್ ಕಡತ ಕಟ್ಟಿಕೊಂಡು ಕೂರಬೇಡಿ.

ಹಂತ 9: ಚಿತ್ರಗಳ ಕಾವಲು

ಎಲ್ಲ ಸಾಧನಗಳ ಗಡಿಯಾರವನ್ನು ಒಂದೇ ಸಮಯಕ್ಕೆ, ಸಾಧ್ಯವಾದರೆ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ಹೊಂದಿಸಿ. ಎರಡು ಕ್ಯಾಮೆರಾಗಳ ನಡುವೆ ಏಳು ನಿಮಿಷದ ವ್ಯತ್ಯಾಸವಿದ್ದರೂ ಮೊದಲು ಗುಂಡು ಹಾರಿಸಿದವರು ಯಾರೆಂಬ ವಾದದಲ್ಲಿ ನಿಮ್ಮ ಸಾಕ್ಷ್ಯ ಬಿದ್ದುಹೋಗುತ್ತದೆ. ಮೂಲ ಕಡತವನ್ನು ತಿದ್ದದೆ ಎತ್ತಿಡಿ, ಅದರ ಹ್ಯಾಶ್ ಬರೆದಿಡಿ. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆಯುವ ಅಂಕಿ-ಅಕ್ಷರಗಳ ಸಾಲು. ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸಹಿ ಇರಲಿ.

ಕಂಬದಲ್ಲಿರುವ ಮೆಮೊರಿ ಕಾರ್ಡ್ ಒಂದಲ್ಲ ಒಂದು ದಿನ ಕಳುವಾಗುತ್ತದೆ ಎಂದೇ ಇಟ್ಟುಕೊಳ್ಳಿ. ಗೂಢಲಿಪೀಕರಣ, ಅಂದರೆ ಕೀಲಿಪದ ಇಲ್ಲದವರು ಚಿತ್ರ ತೆರೆಯಲಾಗದಂತೆ ಮಾಡುವ ವ್ಯವಸ್ಥೆ ಇರುವ ಸಾಧನ ಆರಿಸಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಘಟನೆ ಇಲ್ಲದ ದಿನಗಳ ಚಿತ್ರ ಎಷ್ಟು ದಿನಕ್ಕೆ ಅಳಿಯಬೇಕೆಂದು ಲಿಖಿತ ನಿಯಮ ಮಾಡಿ. "ಇರಲಿ, ಮುಂದೆ ಬೇಕಾದೀತು" ಎಂದು ಕೂಡಿಟ್ಟ ಚಿತ್ರರಾಶಿ ಸೇಡಿಗೆ ಹೊಂಚುವವರಿಗೆ ಸಿದ್ಧಪಟ್ಟಿಯಾಗುತ್ತದೆ.

ಹಂತ 10: ಪರೀಕ್ಷೆ, ಹಸ್ತಾಂತರ, ತೆರವು

ಮೊದಲು ನಿಮ್ಮ ಶಿಬಿರದ ಬೇಲಿಯಲ್ಲೇ 72 ಗಂಟೆ ನಡೆಸಿ ನೋಡಿ. ನಿಮ್ಮವರೇ ಹಗಲು, ರಾತ್ರಿ, ಮಳೆಯಲ್ಲಿ ದಾಟಲಿ; ಎಷ್ಟು ಸಲ ಹಿಡಿಯಿತು, ಎಷ್ಟು ಸಲ ಸುಮ್ಮನೆ ಕೂಗಿತು ಎಂದು ಬರೆದುಕೊಳ್ಳಿ. ಫಲಕದ ದೂಳು ಒರೆಸುವವರ ಹೆಸರೂ ಪಟ್ಟಿಯಲ್ಲಿರಲಿ. ಪಡೆಗಳು ಸರದಿಯಂತೆ ಬದಲಾಗುವುದರಿಂದ, ಕಲಿತವರು ಹೊರಡುವ ಮುನ್ನ ಹೊಸಬರ ಜೊತೆ ಕನಿಷ್ಠ ಒಂದು ವಾರ ಕೆಲಸ ಮಾಡುವಂತೆ ಮೊದಲೇ ಕೇಳಿಕೊಳ್ಳಿ.

ತೆರವಿನ ಯೋಜನೆಯನ್ನು ಅಳವಡಿಸಿದ ದಿನವೇ ಬರೆಯಿರಿ. ಮಾಲಿಯ ಸರ್ಕಾರ 2023ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ಹೊರಡಲು ಹೇಳಿತು. ಡಿಸೆಂಬರ್ 31ಕ್ಕೆ ಪಡೆಯ ವಾಪಸಾತಿ ಮುಗಿಯಬೇಕಾಯಿತು. ಅಂಥ ಅವಸರದಲ್ಲಿ ಯಾವ ಮರಕ್ಕೆ ಯಾವ ಕ್ಯಾಮೆರಾ ಕಟ್ಟಿದ್ದೆವೆಂದು ಹುಡುಕಲು ಪುರಸತ್ತಿರುವುದಿಲ್ಲ. ಪ್ರತಿ ಸಾಧನದ ನಕ್ಷೆಯ ಬಿಂದು, ಕಾರ್ಡ್ ಸಂಖ್ಯೆ, ಬಿಚ್ಚಿ ತರುವವರ ಹುದ್ದೆ ಬರೆದಿಡಿ. ಹೂತ ಸೆನ್ಸರ್‌ಗಳನ್ನು ಎಣಿಸಿ ವಾಪಸು ತನ್ನಿ. ಹೊರಡುವಾಗ ಸ್ಥಳೀಯ ಅಧಿಕಾರಿಗಳು ಕ್ಯಾಮೆರಾ ಬಿಟ್ಟುಹೋಗಿ ಎಂದು ಕೇಳಬಹುದು. ಸೋಲಾರ್ ಫಲಕ, ಬ್ಯಾಟರಿ, ಕಂಬವನ್ನು ಊರಿನ ಶಾಲೆಗೋ ಆಸ್ಪತ್ರೆಗೋ ನಿಯಮಬದ್ಧವಾಗಿ ಕೊಡಿ. ಕ್ಯಾಮೆರಾ, ಕಾರ್ಡ್, ಸಿಮ್ ಮತ್ತು ಕರೆ ಮಾಡುತ್ತಿದ್ದವರ ನಂಬರುಗಳ ಪಟ್ಟಿ ಯಾರ ಕೈಗೂ ಹೋಗಬಾರದು.